ಬಂತೇನ?

ದೆವ್ವ, ಪಿಶಾಚಿ, ಗಾಳಿ ಸೋಕಿದ್ದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಶಹಾಬಾದಿನ ಸರ್ಕಾರಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹತ್ತಿರದ ಹಾಳು ಕಲ್ಲುಗಣಿಯಲ್ಲಿ ಹೆಂಗಸೊಬ್ಬಳು ಅಳುತ್ತಾಳೆಂದು ಆರನೆಯ ತರಗತಿಯ ಹುಡುಗಿಯರು ಹೆದರಿ ಕೂತಾಗ, ಎಲ್ಲರನ್ನೂ ಸಾಲು ಮಾಡಿಸಿ ಅಲ್ಲಿಗೇ ಕರೆದುಕೊಂಡು ಹೋಗಿ, ಒಡೆದ ಪೈಪಿನೊಳಗೆ ಗಾಳಿ ಹೊಕ್ಕು ಊಳಿಡುವುದನ್ನು ಒಬ್ಬೊಬ್ಬರಿಗೂ ಕೇಳಿಸಿದ್ದೆ. ಆಮೇಲೆ ಒಂದು ವಾರ ಆ ಹುಡುಗಿಯರು ನನ್ನನ್ನೇ ದೆವ್ವ ಕಂಡ ಹಾಗೆ ನೋಡುತ್ತಿದ್ದರು. ಸಾಲದ್ದಕ್ಕೆ ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಹೋದವರು ಲಿಂಗದಲ್ಲಿ ಒಂದಾದರು, ಅವರಿಗೆ ತಿರುಗಿ ಬರುವ ದಾರಿಯೂ ಇಲ್ಲ, ಬರಬೇಕಾದ ಕೆಲಸವೂ ಇಲ್ಲ ಎಂದು ಕೇಳುತ್ತಲೇ ಬೆಳೆದವಳು. ಹೀಗಾಗಿ ಮುಂದೆ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮವರಿಗೆ ವಾಡಿಯಲ್ಲಿ ಗ್ಯಾರೇಜು ಇತ್ತು. ನಮಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಅಳುವುದಿದ್ದದ್ದನ್ನೆಲ್ಲ ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಅತ್ತು ಮುಗಿಸಿದ್ದೆವು. ನಾನು ನಿವೃತ್ತಳಾದ ವರ್ಷ ಅವರು, ಯಾವುದೋ ಶಾಲೆಯವರು ಮೂಲೆಗೆ ಹಾಕಿದ್ದ ಮಿನಿ ಬಸ್ಸೊಂದನ್ನು ತಂದು, ಎಂಟು ತಿಂಗಳು ಅದರ ಜೊತೆ ಗುದ್ದಾಡಿ, ಸೀಟು ಕಿತ್ತು, ಮಂಚ, ಒಲೆ, ನೀರಿನ ಟಾಕಿ, ಒಂದು ಸಣ್ಣ ಟಿವಿ ಎಲ್ಲ ಕೂಡಿಸಿ ಮನೆ ಮಾಡಿದರು. ಹೊರಗೆ ನೀಲಿ ಬಣ್ಣ ಬಳಿದರೂ ಗೀಚು ಬಿದ್ದಲ್ಲೆಲ್ಲ ಶಾಲೆಯ ಹಳದಿ ಇಣುಕುತ್ತಿತ್ತು. ಅದನ್ನು ತೆಗೆದುಕೊಂಡು ನಾವು ಕಾಶಿಗೂ ಹೋಗಲಿಲ್ಲ, ಗೋವಾಕ್ಕೂ ಹೋಗಲಿಲ್ಲ. ನಮ್ಮವರ ಪ್ರಪಂಚ ವಾಡಿಯಲ್ಲಿ ಶುರುವಾಗಿ ಚಿಂಚೋಳಿಯಲ್ಲಿ ಮುಗಿಯುತ್ತಿತ್ತು. ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಎರಡು ದಿನ, ಸೇಡಂ ಹೊರಗೆ ಯಾರದೋ ತೊಗರಿ ಹೊಲದ ಬದಿಗೆ ಮೂರು ದಿನ, ಹೀಗೆ. ಹೋದಲ್ಲೆಲ್ಲ ಜನ ಮುತ್ತುತ್ತಿದ್ದರು. ಒಂದು ಊರಲ್ಲಿ ಇಂಜೆಕ್ಷನ್ ಗಾಡಿ ಬಂತೆಂದು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ಸಾಲು ನಿಂತರು. ಇನ್ನೊಂದು ಊರಲ್ಲಿ ಇದು ಓಟಿನ ಪ್ರಚಾರದ ಗಾಡಿ ಎಂದು ತಿಳಿದ ಹಿರಿಯರೊಬ್ಬರು, "ಐದು ವರ್ಷ ಎಲ್ಲಿ ಸತ್ತಿದ್ರಿ?" ಎಂದು ನಮ್ಮವರನ್ನು ತರಾಟೆಗೆ ತೆಗೆದುಕೊಂಡರು. ನಮ್ಮವರು ಬಿಡಿಸಿ ಹೇಳುವ ಗೋಜಿಗೆ ಹೋಗದೆ, ಕೈಮುಗಿದು ತಪ್ಪಾಯಿತು ಎಂದುಬಿಟ್ಟರು.

ಗಾಡಿ ನಿಂತಲ್ಲೆಲ್ಲ ಮೊದಲ ಕೆಲಸ ಛತ್ರಿ. ಟಿವಿಯ ಡಿಶ್ಶಿಗೆ ನಮ್ಮ ಕಡೆ ಛತ್ರಿ ಎನ್ನುತ್ತಾರೆ. ಮನೆಯ ಮಾಳಿಗೆಯ ಮೇಲಾದರೆ ಒಮ್ಮೆ ಕೂಡಿಸಿದರೆ ಮುಗಿಯಿತು. ಗಾಡಿಯ ಮೇಲೆ ಹಾಗಲ್ಲ. ಹೊರಡುವಾಗ ನಟ್ಟು ಸಡಿಲಿಸಿ ಮಲಗಿಸಬೇಕು, ನಿಂತ ಮೇಲೆ ಎಬ್ಬಿಸಿ ಆಕಾಶದ ಆ ಒಂದು ಮೂಲೆಯನ್ನು ಹೊಸದಾಗಿ ಹುಡುಕಬೇಕು. ಬೆರಳಿನಷ್ಟು ಆಚೀಚೆಯಾದರೂ ಚಿತ್ರವಿಲ್ಲ. ಇದು ಒಬ್ಬರಿಂದ ಆಗುವ ಕೆಲಸವೂ ಅಲ್ಲ. ಅವರು ಹಿಂದಿನ ಕಬ್ಬಿಣದ ಏಣಿ ಹತ್ತಿ, ಟಾಪಿನ ಮೇಲೆ ನಿಂತು, ನಟ್ಟು ತಿರುವುವ ಪಾನಾ ಹಿಡಿದು ಛತ್ರಿ ತಿರುಗಿಸುವುದು. ನಾನು ಒಳಗೆ ಟಿವಿಯ ಪರದೆಯ ಮೇಲೆ ಸಿಗ್ನಲ್ಲಿನ ಪಟ್ಟಿ ನೋಡುತ್ತ ಕೂಡುವುದು. ಮೇಲಿಂದ "ಬಂತೇನ?" ಎಂದು ಕೇಳುತ್ತಿದ್ದರು. "ಇಲ್ರಿ." "ಈಗ ಬಂತೇನ?" "ಬರ್ಲಿಕತ್ತಿತ್ತು, ಹೋತ್ರಿ." ಕೆಂಪು ಪಟ್ಟಿ ಹಸಿರಾಗಿ ನಿಂತ ಕೂಡಲೇ ನಾನು "ಬಂತು, ಬಂತು!" ಎಂದು ಕೂಗಬೇಕು. ಅಲ್ಲಿಗೆ ಅವರು ನಟ್ಟು ಬಿಗಿದು, ಇಳಿದು, ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ನನ್ನ ಪಕ್ಕ ಕೂಡುತ್ತಿದ್ದರು. ಏಳು ಗಂಟೆಯ ಧಾರಾವಾಹಿ ನನ್ನ ಸಲುವಾಗಿ ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ಆದರೆ ಅದರೊಳಗಿನ ಅತ್ತೆ ಬಾಯಿ ತೆಗೆದರೆ ಹಲ್ಲು ಕಡಿಯುತ್ತಿದ್ದವರು ಅವರೇ.

ನಾಲ್ಕು ವರ್ಷದ ಹಿಂದೆ, ಮಳೆಗಾಲದ ನಡುವೆ, ಅವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಮೂರು ದಿನ ನಾನು ಮಂಚ ಬಿಟ್ಟು ಕದಲಲಿಲ್ಲ. ನಾಲ್ಕನೆಯ ದಿನ ಮುಂಜಾನೆ ಅವರೇ, "ಹೋಗಿ ಚಾ ಕುಡದು ಬಾ, ಮಾರಿ ನೋಡ್ಕೋ ಹ್ಯಾಂಗಾಗ್ಯಾದ" ಎಂದು ಗದರಿಸಿ ಕಳಿಸಿದರು. ಹೋಗಿ ಬರಲು ಹದಿನೈದು ನಿಮಿಷವೂ ಆಗಿರಲಿಕ್ಕಿಲ್ಲ. ಬರುವಷ್ಟರಲ್ಲಿ ಮಂಚದ ಸುತ್ತ ಪರದೆ ಎಳೆದಿದ್ದರು. ನರ್ಸು ನನ್ನ ಕೈ ಹಿಡಿದುಕೊಂಡು, "ಏನೋ ಅನ್ಲಿಕತ್ತಿದ್ರಿ ಅವರು. ನಿಮ್ಮನ್ನೇ ಕರದ್ರೋ ಏನೋ, ನಮಗ ತಿಳೀಲಿಲ್ರಿ" ಎಂದಳು.

ಆ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಆ ಮಾತು ನನ್ನನ್ನು ಒಳಗೊಳಗೇ ತಿಂದುಹಾಕಿತು. ನನ್ನನ್ನು ಕರೆದರೇ? ಕರೆದು, ನಾನು ಬರಲಿಲ್ಲವೆಂದು ಬಾಗಿಲ ಕಡೆ ನೋಡಿದರೇ? ನಲವತ್ತು ವರ್ಷದ ಸಂಸಾರದಲ್ಲಿ ಹದಿನೈದು ನಿಮಿಷ ಏನು ಮಹಾ ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ನನಗೆ ಬೇಕಾಗಿದ್ದದ್ದು ಸಮಾಧಾನವಲ್ಲ. ಅವರು ಕರೆದದ್ದು ಹೌದೋ ಅಲ್ಲವೋ, ಅದೊಂದೇ ಗೊತ್ತಾಗಬೇಕಿತ್ತು. ಶಹಾಬಾದಿನ ಮನೆಯಲ್ಲಿ ಒಬ್ಬಳೇ ಕೂತು ಐದು ತಿಂಗಳು ನಾನು ಇದನ್ನೇ ಯೋಚಿಸಿದೆ. ಟಿವಿ ಹಚ್ಚಲಿಲ್ಲ. ಅಡುಗೆ ಮಾಡಿದ ದಿನ ಮಾಡಿದೆ, ಇಲ್ಲದ ದಿನ ಇಲ್ಲ. ದಿನಕ್ಕೆ ಹಾಲಿನವನ ಜೊತೆ ಆಡಿದ ಎರಡು ಮಾತೇ ಮಾತು.

ಆಗ ಖಾಜಾಸಾಬರು ಬಂದರು. ನಮ್ಮವರ ಜೊತೆ ಗ್ಯಾರೇಜಿನಲ್ಲಿ ಇಪ್ಪತ್ತೈದು ವರ್ಷ ದುಡಿದವರು, ವಯಸ್ಸಿನಲ್ಲಿ ಅವರಿಗಿಂತ ತುಸು ದೊಡ್ಡವರೇ. ಆದರೂ ನನ್ನನ್ನು ಅಣ್ಣನ ಹೆಂಡತಿಯೆಂಬಂತೆ ಭಾಬಿ ಎಂದೇ ಕರೆಯುವುದು. ಬಾಗಿಲಲ್ಲೇ ನಿಂತು, "ಗಾಡಿ ನಿಂತು ನಿಂತು ಜಂಗು ಹಿಡೀಲಿಕತ್ತದ್ರಿ ಭಾಬಿ. ಒಮ್ಮೆ ತಿರಗಿಸಿಕೊಂಡು ಬರೋಣ ನಡ್ರಿ" ಎಂದರು. ತುಕ್ಕು ಹಿಡಿಯುತ್ತಿದ್ದದ್ದು ಗಾಡಿಯೊಂದೇ ಅಲ್ಲ ಎಂದು ಅವರಿಗೂ ಕಂಡಿರಬೇಕು. ಎಲ್ಲಿಗೆ ಎಂದರು. ನಾನು ಚಂದ್ರಂಪಳ್ಳಿಯ ಜಲಾಶಯ ಎಂದೆ. ನಾವಿಬ್ಬರೂ ನೋಡಬೇಕೆಂದುಕೊಂಡು ಹೋಗದೆ ಉಳಿದದ್ದು ಅದೊಂದೇ ಜಾಗ.

ಗಾಡಿ ನಿಂತಿದ್ದ ವಾಡಿಯಿಂದ ಬೆಳಿಗ್ಗೆ ಬಿಟ್ಟು ಚಿತ್ತಾಪುರ, ಸೇಡಂ ದಾಟಿ ಚಂದಾಪುರದಲ್ಲಿ ತರಕಾರಿ ಕೊಂಡು, ಮೂರು ಗಂಟೆಯ ಹೊತ್ತಿಗೆ ಜಲಾಶಯದ ಹತ್ತಿರ ಮುಟ್ಟಿದೆವು. ಅಲ್ಲಿಯ ಕಾವಲುಗಾರ ಖಾಜಾಸಾಬರ ಪರಿಚಯದವನು. ಅವನ ಮನೆಯಿಂದ ಇನ್ನೂರು ಹೆಜ್ಜೆ ಈಚೆಗೆ, ಮರ ಕಡಿಮೆ ಇರುವ ಕಡೆ ಗಾಡಿ ನಿಲ್ಲಿಸಿ, ಅವನ ಮನೆಯಿಂದಲೇ ವೈರು ಎಳೆದು ಗಾಡಿಗೆ ಕರೆಂಟು ಕೊಟ್ಟರು. ರಾತ್ರಿ ಖಾಜಾಸಾಬರು ಅಲ್ಲಿ, ನಾನು ಗಾಡಿಯಲ್ಲಿ ಮಲಗುವುದು ಎಂದಾಗಿತ್ತು. ನಾನು ಬೇಡವೆಂದರೂ ಕೇಳದೆ ಅವರು ಮೇಲೆ ಹತ್ತಿ ಛತ್ರಿಯನ್ನು ಎಬ್ಬಿಸಿದರು. ದಿಕ್ಕು ಕೂಡಿಸದೆ ಹಾಗೇ ಬಿಟ್ಟು ಇಳಿದು, "ಆಮ್ಯಾಲ ನೀವು ಕುಂತು ನೋಡ್ರಿ, ನಾ ಹಚ್ಚಿ ಕೊಡ್ತೀನಿ" ಎಂದರು. ಅಷ್ಟರಲ್ಲಿ ಸಂಜೆಯಾಯಿತು. ಒಲೆಯ ಮೇಲೆ ಅನ್ನಕ್ಕಿಟ್ಟೆ, ದೀಪ ಹೋಯಿತು. ಕಾವಲುಗಾರನ ಮನೆಯಲ್ಲಿ ದೀಪ ಉರಿಯುತ್ತಲೇ ಇತ್ತು. ವೈರು ಎಲ್ಲೋ ಸಡಿಲಾಗಿದೆ ಎಂದು ಟೆಸ್ಟರು, ಟಾರ್ಚು ಹಿಡಿದುಕೊಂಡು ಖಾಜಾಸಾಬರು ಆ ಕಡೆ ನಡೆದರು.

ಆರೂವರೆ ದಾಟಿರಬೇಕು. ಹೊರಗೆ ನೀರಿನ ಮೇಲೆ ಇನ್ನೂ ಬೆಳಕಿತ್ತು, ಗಾಡಿಯೊಳಗೆ ಕತ್ತಲೆ. ಸುಮ್ಮನೆ ಕೂಡಲು ಆಗದೆ ಟಿವಿ ಹಚ್ಚಿದೆ. ಅದು ಗಾಡಿಯ ಬ್ಯಾಟರಿಯಿಂದ ನಡೆಯುತ್ತಿತ್ತು, ಹೊರಗಿನ ಕರೆಂಟು ಬೇಕಿರಲಿಲ್ಲ. ಸಿಗ್ನಲ್ ಇಲ್ಲ ಎಂದು ಪರದೆ ತೋರಿಸಿತು. ಕೈ ತಾನಾಗಿ ರಿಮೋಟಿನ ಗುಂಡಿಗಳನ್ನು ಒತ್ತಿ ಆ ಸಿಗ್ನಲ್ಲಿನ ಪಟ್ಟಿಯನ್ನು ತೆರೆದಿಟ್ಟಿತು. ಕೆಂಪು ಪಟ್ಟಿ ತಳದಲ್ಲೇ ಮಲಗಿತ್ತು. ನಾನು ಯಾವಾಗಲೂ ಕೂಡುತ್ತಿದ್ದ ಜಾಗದಲ್ಲೇ, ಮಂಚದ ಅಂಚಿಗೆ ಕೂತಿದ್ದೆ.

ಟಾಪಿನ ಮೇಲೆ ಸಪ್ಪಳವಾಯಿತು. ನಮ್ಮ ಗಾಡಿಯ ಟಾಪಿನ ತಗಡು ಒಲೆಯ ಮೇಲ್ಗಡೆ ತುಸು ತಗ್ಗಿದೆ. ಅಲ್ಲಿ ಕಾಲಿಟ್ಟರೆ ಡುಬುಕ್ ಎನ್ನುತ್ತದೆ. ಆ ಸಪ್ಪಳ. ಖಾಜಾಸಾಬರು ತಿರುಗಿ ಬಂದು ಹತ್ತಿದರು ಎಂದುಕೊಂಡೆ.

"ಬಂತೇನ?"

"ಇಲ್ರಿ" ಎಂದೆ. ಪಟ್ಟಿ ಸ್ವಲ್ಪ ಎದ್ದಿತು, ಮತ್ತೆ ಬಿತ್ತು.

"ಈಗ ಬಂತೇನ?"

"ಬರ್ಲಿಕತ್ತಿತ್ತು, ಹೋತ್ರಿ."

ಇದನ್ನು ಹೇಳಿ ಮುಗಿಸಿದ ಮೇಲೆ, ಕಣ್ಣೆತ್ತಿ ಮುಂದಿನ ಗಾಜಿನಾಚೆ ನೋಡಿದೆ. ಕಾವಲುಗಾರನ ಮನೆಯ ಗೋಡೆಯ ಮೇಲೆ ಟಾರ್ಚಿನ ಬೆಳಕು ಆಡುತ್ತಿತ್ತು. ಖಾಜಾಸಾಬರು ಅಲ್ಲಿದ್ದರು. ಮೀಟರಿನ ಹಲಗೆಯ ಮುಂದೆ ಬಗ್ಗಿ ನಿಂತದ್ದು, ಅವರ ಬಿಳಿ ಟೊಪ್ಪಿಗೆ, ಎಲ್ಲ ಸ್ಪಷ್ಟವಾಗಿ ಕಂಡಿತು.

ಮೇಲೆ ತಗಡು ಮತ್ತೆ ಡುಬುಕ್ ಎಂದಿತು.

ಹೆದರಿದಿರಾ ಎಂದು ಕೇಳುತ್ತೀರಿ. ಹೆದರಿದ್ದು ನಿಜ. ಆದರೆ ಎದ್ದು ಹೊರಗೆ ಓಡಬೇಕೆನ್ನಿಸಲಿಲ್ಲ. ಓಡಿದರೆ ಟಾಪಿನ ಮೇಲೆ ಯಾರೂ ಇಲ್ಲದಿರುವುದನ್ನು ನೋಡಬೇಕಾಗುತ್ತಿತ್ತು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ನಾನು ಕೂತಲ್ಲೇ ಕೂತೆ. ಪಟ್ಟಿ ಏರಿತು, ಏರಿ ಹಸಿರಾಯಿತು, ನಿಂತಿತು. ಚಿತ್ರ ಬಂತು. ಅಷ್ಟು ಸ್ವಚ್ಛ ಚಿತ್ರ ಆ ಟಿವಿಯಲ್ಲಿ ನಾನು ಕಂಡದ್ದೇ ಅಪರೂಪ, ಯಾವುದೋ ಜಾಹೀರಾತಿನ ಹೆಂಗಸಿನ ಮೂಗುತಿಯ ಹರಳೂ ಎಣಿಸುವ ಹಾಗಿತ್ತು.

"ಬಂತೇನ?"

ಬಂತು ಎಂದರೆ ಅವರ ಕೆಲಸ ಮುಗಿಯುತ್ತದೆ. ಮುಗಿದರೆ ಇಳಿಯುತ್ತಾರೆ. ಇಳಿದು ಎಲ್ಲಿಗೆ ಹೋಗುತ್ತಾರೆ?

"ಇನ್ನಾ ಇಲ್ರಿ" ಎಂದೆ.

ಅವರಿಗೆ ಸುಳ್ಳು ಹೇಳುವುದು ನನಗೆ ಎಂದೂ ಒಗ್ಗದ ಕೆಲಸ. ಹಬ್ಬದ ಸೀರೆಯ ಬೆಲೆಯ ವಿಷಯದಲ್ಲೂ ಸಿಕ್ಕಿಬೀಳುತ್ತಿದ್ದೆ. ಆ ಸಂಜೆ ಮಾತ್ರ ಹೇಳುತ್ತಲೇ ಹೋದೆ. ಛತ್ರಿ ತಿರುಗುವ ಕಿರುಗುಡುವ ದನಿ, ಚಿತ್ರ ಚೂರುಚೂರಾಗಿ ಒಡೆಯುವುದು, ಮತ್ತೆ ಕೂಡುವುದು, ಮತ್ತೆ "ಈಗ ಬಂತೇನ?" "ಇಲ್ರಿ. ತುಸು ಈ ಕಡೆ." "ಈಗ?" "ಇಲ್ರಿ." ಎಷ್ಟು ಸಲವೋ ಲೆಕ್ಕವಿಲ್ಲ. ನಡುನಡುವೆ ಬೇರೆ ಮಾತೂ ಆಡಿ ನೋಡಿದೆ. "ಥಂಡಿ ಅದ, ಕಿವಿಗಿ ಏನರೆ ಕಟ್ಕೊಂಡೀರೇನ್ರಿ?" ಎಂದೆ. "ಈಗ ಬಂತೇನ?" "ಮೊಣಕಾಲು ನೋಯ್ಲಿಕತ್ತಿರಬೇಕು, ಸ್ವಲ್ಪ ಕುಂದ್ರಿ" ಎಂದೆ. ಅದಕ್ಕೂ "ಬಂತೇನ?" ಅವರು ಆಡಿದ್ದು ಆ ಒಂದೇ ಮಾತು. ಆದರೆ ಆ ದನಿ, ತುಸು ಅವಸರ, ತುಸು ಗದರಿಕೆ, ಉಸಿರು ಹಿಡಿದು ಕೇಳುವ ರೀತಿ ಎಲ್ಲ ಅವರದೇ ಆಗಿತ್ತು. ಐದು ತಿಂಗಳ ಮೇಲೆ ಆ ದನಿ ಕೇಳುತ್ತ ಕೂತವಳಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಷ್ಟೇ ಸುಖವಾಗಿಯೂ ಇತ್ತು ಎಂದು ಹೇಳಿದರೆ ನಿಮಗೆ ಅರ್ಥವಾಗುತ್ತದೋ ಇಲ್ಲವೋ.

ಆಗ ಆ ಪ್ರಶ್ನೆ ಗಂಟಲಿಗೆ ಬಂತು. ಅವತ್ತು ಆಸ್ಪತ್ರೆಯಲ್ಲಿ ನನ್ನನ್ನು ಕರೆದಿರೇನು? ಈಗಲ್ಲದಿದ್ದರೆ ಇನ್ನೆಂದೂ ಇಲ್ಲ. ಎದ್ದು ನಿಂತೆ. ತಗಡಿಗೆ ಕೈ ತಾಗಿಸಿದೆ, ತಣ್ಣಗಿತ್ತು. "ರೀ" ಎಂದೆ. ಮೇಲಿನ ಸಪ್ಪಳ ನಿಂತಿತು. ಕೇಳುತ್ತಿದ್ದಾರೆ ಎನ್ನಿಸಿತು. ಹೌದು, ಕರೆದಿದ್ದೆ ಎಂದು ಅವರು ಅಂದರೆ ಉಳಿದ ಆಯುಷ್ಯ ಅದನ್ನು ಹೊತ್ತುಕೊಂಡು ಹೇಗೆ ಬದುಕುವುದು ಎಂದು ಒಂದು ಗಳಿಗೆ ತಡೆದೆ. ಒಂದೇ ಒಂದು ಗಳಿಗೆ.

ಫಳಕ್ಕನೆ ಟ್ಯೂಬ್‌ಲೈಟು ಹತ್ತಿತು. ಕಣ್ಣು ಕುಕ್ಕಿತು. ದೂರದಿಂದ ಖಾಜಾಸಾಬರು ಕೂಗಿದರು:

"ಕರೆಂಟ್ ಬಂತೇನ್ರಿ ಭಾಬೀ?"

"ಬಂತು, ಬಂತು!" ಎಂದು ಕೂಗಿಬಿಟ್ಟೆ.

ಬಾಯಿಂದ ಬಿದ್ದ ಮೇಲೆ ಏನು ಹೇಳಿದೆ ಎಂದು ತಿಳಿಯಿತು. ಮೇಲೆ ತಗಡು ಡುಬುಕ್ ಎಂದಿತು. ಹೆಜ್ಜೆ ಹಿಂದಕ್ಕೆ, ಏಣಿಯ ಕಡೆ ನಡೆಯಿತು. ಕಬ್ಬಿಣದ ಏಣಿಯ ಮೊದಲ ಮೆಟ್ಟಿಲು ಸಪ್ಪಳ ಮಾಡಿತು, ಎರಡನೆಯದೂ ಮಾಡಿತು. "ತಡೀರಿ, ತಡೀರಿ! ನಿಮಗಲ್ಲ ಅಂದದ್ದು!" ಎಂದು ಚೀರುತ್ತ ನಾನು ಹಿಂದಿನ ಬಾಗಿಲು ತೆಗೆದೆ. ಏಣಿ ಖಾಲಿ ಇತ್ತು. ಟಾಪಿನ ಮೇಲೆ ಛತ್ರಿ ಬಿಟ್ಟರೆ ಏನೂ ಇರಲಿಲ್ಲ. ಜಲಾಶಯದ ಕಡೆಯಿಂದ ಒಂದು ಹಕ್ಕಿ ಕೂಗುತ್ತಿತ್ತು.

ನನ್ನ ದನಿ ಕೇಳಿ ಖಾಜಾಸಾಬರು ಓಡುತ್ತ ಬಂದರು. ಏನಾಯಿತೆಂದು ಕೇಳಿದರು. ಏನಿಲ್ಲ, ಬೆಕ್ಕು ಎಂದೆ. ಅವರು ಒಳಗೆ ಇಣುಕಿ ಟಿವಿ ನೋಡಿದರು. "ಅರೆ! ಛತ್ರಿ ಯಾರ ಹಚ್ಚಿದ್ರಿ?" ಎಂದರು. ನೀವು ಎಷ್ಟು ಸಲ ಕೂಗಿ ಕೇಳಿದಿರಿ ಎಂದು ನಾನೇ ಕೇಳಿದೆ. "ಒಂದೇ ಸಲ್ರಿ ಭಾಬಿ. ತಾರು ಕೂಡಿಸಿದ ಮ್ಯಾಲ" ಎಂದರು. ಆಮೇಲೆ ನನ್ನ ಮುಖವನ್ನೂ ಗಾಡಿಯ ಟಾಪನ್ನೂ ಒಮ್ಮೆ ನೋಡಿ, ಒಲೆ ಆರಿಸಿದರು. ಅನ್ನ ತಳ ಹಿಡಿದಿತ್ತು. ಕಾವಲುಗಾರನ ಹೆಂಡತಿಯನ್ನು ಕರೆದುಕೊಂಡು ಬಂದು ನನ್ನ ಜೊತೆಗೆ ಮಲಗಿಸಿ ಹೋದರು.

ಮರುದಿನ ಅವರು ಮೇಲೆ ಹತ್ತಿದಾಗ ಛತ್ರಿಯ ನಟ್ಟು ಬಿಗಿಯಾಗಿಯೇ ಇತ್ತಂತೆ. ನೀವು ಬಿಗಿದಿರೇನು ಎಂದರೆ, "ಬಿಗದಿದ್ನೋ ಏನೋ, ಖರೇ ಹೇಳ್ಬೇಕಂದ್ರ ನೆನಪಿಲ್ರಿ" ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ.

ವಿಜ್ಞಾನ ಕಲಿಸಿದವಳು, ಸುಮ್ಮನೆ ಬಿಡುತ್ತೇನೆಯೇ? ಎಲ್ಲ ಬಗೆಯಲ್ಲೂ ಯೋಚಿಸಿ ನೋಡಿದ್ದೇನೆ. ಸಂಜೆಯ ತಂಪಿಗೆ ಕಾದ ತಗಡು ಕುಗ್ಗಿ ಸಪ್ಪಳ ಮಾಡುತ್ತದೆ. ಸಡಿಲ ಛತ್ರಿಯನ್ನು ಗಾಳಿ ತಿರುಗಿಸಬಹುದು. ಖಾಜಾಸಾಬರು ಆ ಕಡೆಯಿಂದ ನನ್ನನ್ನೇ ಎಷ್ಟೋ ಸಲ ಕೂಗಿ ಕೇಳಿ, ಆಮೇಲೆ ಮರೆತಿರಬಹುದು. ಐದು ತಿಂಗಳು ಯಾರೊಡನೆಯೂ ಮಾತಾಡದವಳ ಕಿವಿ ತನಗೆ ಬೇಕಾದದ್ದನ್ನೇ ಕೇಳಿಸಿಕೊಂಡಿರಬಹುದು. ಇಷ್ಟನ್ನೂ ಒಪ್ಪುತ್ತೇನೆ. ಒಂದು ಮಾತ್ರ ಎಲ್ಲೂ ಹೊಂದುವುದಿಲ್ಲ. ನನ್ನನ್ನು ಕಂಡರೆ ಎಲ್ಲರೂ ಬರ್ರಿ, ಕುಂದ್ರಿ ಎನ್ನುತ್ತಾರೆ. ಹಾಲಿನವನು, ಓಣಿಯವರು, ನನ್ನ ಕೈಯಲ್ಲಿ ಕಲಿತು ಈಗ ತಲೆ ನರೆತವರು, ಖಾಜಾಸಾಬರು, ಯಾರ ಬಾಯಲ್ಲೂ ‘ರಿ’ ತಪ್ಪುವುದಿಲ್ಲ. ತಂದೆತಾಯಿ ಹೋದರು, ಅಣ್ಣ ಹೋದ. ಅವರೂ ಹೋದ ಮೇಲೆ ನನ್ನನ್ನು ‘ರಿ’ ಇಲ್ಲದೆ ಮಾತಾಡಿಸುವವರು ಈ ಭೂಮಿಯ ಮೇಲೆ ಒಬ್ಬರೂ ಉಳಿದಿಲ್ಲ. ಆ ಸಂಜೆ ಮೇಲಿಂದ ಕೇಳಿದವರು ಅಷ್ಟೂ ಸಲ ‘ಬಂತೇನ’ ಎಂದೇ ಕೇಳಿದರು.

ಎರಡನೆಯ ಮೆಟ್ಟಿಲಿಗೆ ಯಾಕೆ ನಿಂತರೋ ಗೊತ್ತಿಲ್ಲ. ನಾನು ಕೂಗಿದ್ದು ತಮಗಲ್ಲ ಎಂದು ತಿಳಿದು ನಿಂತರೋ, ಒಳಗೆ ಬರುತ್ತಿದ್ದವರು ನಾನು ಬಾಗಿಲು ತೆಗೆದದ್ದರಿಂದ ನಿಂತರೋ, ಅಥವಾ ಅಲ್ಲಿ ಯಾರೂ ಇರಲೇ ಇಲ್ಲವೋ. ಅವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ, ಉತ್ತರ ಸಿಕ್ಕಿಲ್ಲ. ಅದನ್ನಾದರೂ ಸಹಿಸಿಕೊಂಡೇನು. ಅಷ್ಟು ಹೊತ್ತು ಸುಳ್ಳು ಹೇಳಿ ಹೇಳಿ ಅವರನ್ನು ಚಳಿಯಲ್ಲಿ ನಿಲ್ಲಿಸಿಕೊಂಡೆ, ಕರೆದಿರೇನು ಎಂದು ಒಂದು ಮಾತು ಕೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ.